ಒಂದೂವರೆ ತಾಸು ಮೊದಲೇ ಬೀಳುತ್ತಿದ್ದ ಗೇಟು

ಬೆಳಿಗ್ಗೆ ಎಂಟಕ್ಕೆ ಕೊಟ್ಟೂರು ಬಿಡುವ ರೈಲುಗಾಡಿ ಪಕ್ಕೀರಪ್ಪನ ಗೇಟನ್ನು ಎಂಟೂ ಇಪ್ಪತ್ತಕ್ಕೆ ದಾಟಬೇಕು. ಪಕ್ಕೀರಪ್ಪ ಗೇಟು ಇಳಿಸುತ್ತಿದ್ದುದು ಆರೂ ಐವತ್ತಕ್ಕೆ. ಆ ಹೊತ್ತಿಗೆ ಗಾಡಿ ಇನ್ನೂ ಕೊಟ್ಟೂರಿನಲ್ಲಿ ತಣ್ಣಗೆ ನಿಂತಿರುತ್ತಿತ್ತು, ಡ್ರೈವರು ಇಂಜಿನ್ನಿನ ಪಕ್ಕ ನಿಂತು ಹಲ್ಲುಜ್ಜುತ್ತಿರುತ್ತಿದ್ದ. ಸಂಜೆ ಅದೇ ಗಾಡಿ ಹೊಸಪೇಟೆಯಿಂದ ತಿರುಗಿ ಬಂದು ಐದೂ ಹತ್ತಕ್ಕೆ ದಾಟುತ್ತಿತ್ತು. ಗೇಟು ಮೂರೂ ನಲವತ್ತಕ್ಕೇ ಬಿದ್ದಿರುತ್ತಿತ್ತು. ಹಗರಿಬೊಮ್ಮನಹಳ್ಳಿಗೂ ಕೊಟ್ಟೂರಿಗೂ ನಡುವೆ, ನಾಲ್ಕಾರು ಹಳ್ಳಿಗಳ ಮಣ್ಣಿನ ರಸ್ತೆ ಹಳಿ ದಾಟುವ ಜಾಗದಲ್ಲಿ, ಒಂದೇ ಒಂದು ಗಾಡಿಗಾಗಿ ದಿನಕ್ಕೆ ಮೂರು ತಾಸು ಎತ್ತು, ಕುರಿ, ಸೈಕಲ್ಲು, ಮನುಷ್ಯರು ಎಲ್ಲರೂ ನಿಲ್ಲಬೇಕಾಗಿತ್ತು.

ಮೊದಮೊದಲು ಜಗಳಗಳಾದವು. ಬಂಡಿಯವರು ಬೈದರು, ಕುರಿಯವರು ಬೈದರು, ಮದುವೆ ದಿಬ್ಬಣದವರು ವಾಲಗ ನಿಲ್ಲಿಸಿ ಬೈದರು. ಪಕ್ಕೀರಪ್ಪ ಜಪ್ಪಯ್ಯ ಎಂದರೂ ಗೇಟು ಎತ್ತಲಿಲ್ಲ. ಬೈದು ಬೈದು ದಣಿದವರು ಬೇವಿನ ಮರದ ಕೆಳಗೆ ಕೂತರು. ಕೂತವರಿಗೆ ಹಸಿವಾಗುತ್ತದೆ ಎಂದು ಮೊದಲು ಹೊಳೆದದ್ದು ಪಕ್ಕದ ಹಳ್ಳಿಯ ಎರ್ರಮ್ಮನಿಗೆ. ಅವಳು ಮೂರು ಕಲ್ಲು ಹೂಡಿ, ಬಾಣಲೆ ಇಟ್ಟು, ಮಿರ್ಚಿ ಮಂಡಕ್ಕಿ ಶುರು ಮಾಡಿದಳು. ಕಾಯುವವರ ಗಡ್ಡ ಬೆಳೆದಿರುವುದು ಕ್ಷೌರದ ಓಬಣ್ಣನ ಕಣ್ಣಿಗೆ ಬಿದ್ದು, ಅವನು ತನ್ನ ಪೆಟ್ಟಿಗೆಯನ್ನೂ ಒಂದು ಕಾಲು ಕುಂಟುವ ಕುರ್ಚಿಯನ್ನೂ ತಂದ. ಆಮೇಲೆ ಹಸಿ ಕಡಲೆ, ಸೌತೆಕಾಯಿ, ಕಂಬಳಿ, ಮಣ್ಣಿನ ಗಡಿಗೆಗಳು ಬಂದವು. ಎರಡು ವರ್ಷದಲ್ಲಿ ಅಲ್ಲಿ ದಿನಾ ಎರಡು ಹೊತ್ತು ಒಂದು ಪುಟ್ಟ ಸಂತೆ ಕೂಡತೊಡಗಿತು. ಹಳಿ ದಾಟುವ ಕೆಲಸವೇ ಇಲ್ಲದವರೂ ಸ್ನಾನ ಮಾಡಿ, ತಲೆ ಬಾಚಿ, ಗೇಟು ಬೀಳುವ ಹೊತ್ತಿಗೆ ಬರತೊಡಗಿದರು. ಆ ದಾರಿಯಲ್ಲಿ ಓಡಾಡುತ್ತಿದ್ದ ಒಂದೇ ಒಂದು ಪ್ರೈವೇಟ್ ಬಸ್ಸಿನ ಡ್ರೈವರು ಗೇಟು ಬೀಳುವ ಮುಂಚೆ ದಾಟಿ ಹೋಗಬಹುದಾಗಿದ್ದರೂ ಬೇಕಂತಲೇ ತಡಮಾಡಿ ಬಂದು, ಸಿಕ್ಕಿಬಿದ್ದು, ಓಬಣ್ಣನ ಕುರ್ಚಿಯಲ್ಲಿ ಗಡ್ಡ ಹೆರೆಸಿಕೊಳ್ಳುತ್ತಿದ್ದ. ಆ ಮರದ ಕೆಳಗೆ ಮೂರು ಲಗ್ನಗಳು ಕುದುರಿದವೆಂದು ಎರ್ರಮ್ಮ ಹೇಳುತ್ತಿದ್ದಳು. ಓಬಣ್ಣ ನಾಲ್ಕು ಎನ್ನುತ್ತಿದ್ದ.

ಒಂದು ಸಲ ರೈಲ್ವೆಯ ಇನ್ಸ್‌ಪೆಕ್ಟರು ಹಳಿಯ ಮೇಲೆ ತಳ್ಳುವ ಟ್ರಾಲಿಯಲ್ಲಿ ಕೂತು ಬಂದರು. ಗಾಡಿಗೆ ಇನ್ನೂ ಒಂದು ತಾಸಿದೆ, ಗೇಟು ಭದ್ರವಾಗಿ ಬಿದ್ದಿದೆ. ಅವರು ಮೆಚ್ಚಿ, "ಭೇಷ್! ಎಚ್ಚರಿಕೆ ಅಂದ್ರೆ ಇದು" ಎಂದು ಹೇಳಿ, ಎರಡು ಮಿರ್ಚಿ ತಿಂದು ಹೋದರು.

ಇಷ್ಟೊಂದು ಸಂಭ್ರಮದ ನಡುವೆ ಕೂರದೇ ಇದ್ದವನು ಒಬ್ಬನೇ, ಪಕ್ಕೀರಪ್ಪ. ಗೇಟು ಇಳಿಸುವ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಭುಜಗಳನ್ನು ಕಿವಿಗೆ ತಾಗುವಷ್ಟು ಏರಿಸಿ, ಹಳಿಯನ್ನು ದಿಟ್ಟಿಸುತ್ತ ಒಂದೂವರೆ ತಾಸು ನಿಂತೇ ಇರುತ್ತಿದ್ದ.

ಅವನು ಹುಟ್ಟಿದ್ದು ಕೂಡ್ಲಿಗಿ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಅಪ್ಪ ಕಂಡವರ ಹೊಲದಲ್ಲಿ ದುಡಿದವರು. ಆ ಮನೆತನದಲ್ಲಿ ಸಂಬಳದ ನೌಕರಿ ಕಂಡವರು ಇವನಿಗಿಂತ ಮೊದಲು ಯಾರೂ ಇರಲಿಲ್ಲ. ಏಳನೆಯ ತರಗತಿ ಪಾಸಾಗಿ, ರೈಲ್ವೆ ಗ್ಯಾಂಗಿನಲ್ಲಿ ಕಲ್ಲು ಹೊತ್ತು, ಹಳಿ ಬಿಗಿದು, ಎಪ್ಪತ್ತಮೂರರಲ್ಲಿ ಈ ಗೇಟಿಗೆ ಬಂದ. ಆ ವಾರವೇ ಅಪ್ಪ ಅಷ್ಟು ದೂರದಿಂದ ನಡೆದು ಬಂದರು. ಗೇಟಿನ ಕಂಬವನ್ನು ಮುಟ್ಟಿ, ತಟ್ಟಿ ನೋಡಿ ಕೇಳಿದರು:

"ಇದನ್ನ ನೀನು ಇಳಿಸಿದ್ರ ಯಾರ ಬಂಡಿನಾರ ನಿಲ್ಲಬೇಕೇನಲೇ?"

"ಹೂನಪ್ಪ. ಯಾರ ಬಂಡಿ ಆದ್ರೂ ನಿಲ್ಲಬೇಕು."

"ಗೌಡ್ರದು?"

"ಗೌಡ್ರದೂ ನಿಲ್ಲಬೇಕು."

ಅಪ್ಪ ಅದನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆಂದು ಎರಡು ದಿನ ಉಳಿದರು. ಎರಡನೆಯ ದಿನ ಸಂಜೆ ಒಬ್ಬ ಗೌಡರ ಬಂಡಿ ನಿಜಕ್ಕೂ ಬಂದು ನಿಂತಿತು. ಗೌಡರು ಇಳಿದು, ಬೆವರೊರೆಸಿಕೊಂಡು, "ಗಾಡಿ ಎಷ್ಟೊತ್ತಿಗೆ ಬರ್ತೈತ್ರಿ?" ಎಂದು ಪಕ್ಕೀರಪ್ಪನನ್ನು ಬಹುವಚನದಲ್ಲಿ ಕೇಳಿದರು. ಅಪ್ಪ ಊರಿಗೆ ವಾಪಸು ಹೋಗುವಾಗ ದಾರಿಯುದ್ದಕ್ಕೂ ಒಬ್ಬರೇ ನಗುತ್ತಿದ್ದರಂತೆ. ಆದ್ದರಿಂದ ಪಕ್ಕೀರಪ್ಪನಿಗೆ ಆ ಗೇಟು ಬರೀ ಕಬ್ಬಿಣದ ತೊಲೆಯಾಗಿರಲಿಲ್ಲ. ಅದನ್ನು ಬಿಟ್ಟು ಬೇರೆಲ್ಲಿಗಾದರೂ ಹೋಗುವುದನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಗಾಬರಿ ಹೊಕ್ಕದ್ದು ಎಪ್ಪತ್ತೇಳರ ಶ್ರಾವಣದಲ್ಲಿ. ಅಂದು ಗಾಡಿ ಐದು ನಿಮಿಷ ಮುಂಚೆ ಬಂತು. ಪಕ್ಕೀರಪ್ಪ ಬಾವಿಯಲ್ಲಿ ನೀರು ಸೇದುತ್ತಿದ್ದ, ಗೇಟು ತೆರೆದಿತ್ತು, ಹಳಿಯ ಮೇಲೆ ಇನ್ನೂರು ಕುರಿ ಇದ್ದವು. ಅವನು ಕೊಡ ಎಸೆದು, ಹೆಗಲ ಮೇಲಿನ ಕೆಂಪು ವಸ್ತ್ರವನ್ನೇ ಬೀಸುತ್ತ ಓಡಿದ. ಇಂಜಿನ್ನು ಕೊನೆಯ ಟಗರಿನಿಂದ ಎರಡು ಮಾರು ದೂರದಲ್ಲಿ ನಿಂತಿತು. ಒಂದು ಕುರಿಗೂ ಏನೂ ಆಗಲಿಲ್ಲ. ಡ್ರೈವರು ತಲೆ ಹೊರಗೆ ಹಾಕಿ ಒಂದೇ ಮಾತು ಕೇಳಿದ: "ಏನಪ್ಪಾ, ನಿದ್ದಿ ಆತಾ?"

ಆ ಒಂದು ಮಾತು ಪಕ್ಕೀರಪ್ಪನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಮರುದಿನ ನಿಯಮಕ್ಕಿಂತ ಹತ್ತು ನಿಮಿಷ ಮುಂಚೆ ಗೇಟು ಇಳಿಸಿದ. ಮುಂದಿನ ತಿಂಗಳು ಇಪ್ಪತ್ತು ನಿಮಿಷ. ಹೀಗೇ ಬೆಳೆದು ಬೆಳೆದು ಒಂದೂವರೆ ತಾಸಾಯಿತು. ಗೇಟು ತೆರೆದಿದ್ದಾಗಲೂ ಅವನ ಒಂದು ಕಿವಿ ಹಳಿಯ ಮೇಲೇ. ಊಟದ ನಡುವೆ ತುತ್ತು ಕೈಯಲ್ಲಿ ಹಿಡಿದು "ಸದ್ದು ಕೇಳಿಸ್ತಾ?" ಎನ್ನುತ್ತಿದ್ದ. ಹೆಂಡತಿ ಜಂಬಮ್ಮ "ಅದು ನಮ್ಮ ಅನ್ನದ ಗಡಿಗಿ ಕುದಿಯೋ ಸದ್ದು ರೀ" ಎನ್ನುತ್ತಿದ್ದಳು. ದಿನಕ್ಕೆ ಹದಿನಾಲ್ಕು ಚಹ ಕುಡಿಯುತ್ತಿದ್ದ. ನಸುಕಿನ ಮೂರಕ್ಕೇ ಎಚ್ಚರವಾಗುತ್ತಿತ್ತು. ಬೆಲ್ಲದ ಡಬ್ಬಿ ಎಲ್ಲಿಟ್ಟರೂ ಹುಡುಕಿ ತಿನ್ನುತ್ತಿದ್ದ. ಕೈಕಾಲು ಸಣ್ಣಗೇ ಇದ್ದು ಹೊಟ್ಟೆ ಮಾತ್ರ ಗಡಿಗೆಯಂತೆ ಮುಂದೆ ಬಂದಿತ್ತು. ಹೆಂಡತಿಯ ತಮ್ಮನ ಗುರುತೇ ಸಿಗದೆ ಒಂದು ದಿನ ಅವನನ್ನು "ನೀವು ಯಾವ ಊರಿನವ್ರು?" ಎಂದು ಕೇಳಿದ್ದ.

ಎಂಬತ್ತೆರಡರಲ್ಲಿ ಹೊಸಪೇಟೆಯಲ್ಲಿ ರೈಲ್ವೆಯವರ ಆರೋಗ್ಯ ತಪಾಸಣೆ ನಡೆಯಿತು. ಅದಕ್ಕಾಗಿ ಪಕ್ಕೀರಪ್ಪ ಬಸ್ಸಿನಲ್ಲಿ ಹೋದ. ತಾನು ಕಾಯುವ ಗಾಡಿಯಲ್ಲಿ ತಾನೇ ಕೂತರೆ ಗೇಟಿನಲ್ಲಿ ಏನಾಗುತ್ತದೋ ಎಂಬ ಭಯ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಎರಡೆರಡು ಸಲ ನೋಡಿ, "ನೂರಾ ಎಪ್ಪತ್ತೆಂಟು, ನೂರಾ ಹತ್ತು" ಎಂದರು. ಮಾತ್ರೆಯನ್ನೂ ಮೂರು ತಿಂಗಳ ಗಡುವನ್ನೂ ಕೊಟ್ಟರು. ಅಷ್ಟರಲ್ಲಿ ರಕ್ತದ ಒತ್ತಡ ನೂರಾ ನಲವತ್ತು, ತೊಂಬತ್ತರ ಕೆಳಗೆ ಬರದಿದ್ದರೆ ಗೇಟಿನ ಕೆಲಸ ಇಲ್ಲ. ದೂರದ ಯಾವುದೋ ಉಗ್ರಾಣದಲ್ಲಿ ಕೂತು ಸಾಮಾನು ಕಾಯಬೇಕು.

ಪಕ್ಕೀರಪ್ಪ ಮನೆಗೆ ಬಂದು ಗೋಡೆಗೆ ಒರಗಿ ಕೂತ. ಜಂಬಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ ಅವನ ಕೈ ಹಿಡಿದು ಕೊಟ್ಟೂರಿಗೆ, ಡಾಕ್ಟರ್ ಮರುಳಪ್ಪನವರಲ್ಲಿಗೆ ಎಳೆದುಕೊಂಡು ಹೋದಳು. ಮರುಳಪ್ಪನವರು ಅದೇ ಸೀಮೆಯವರು. ಬೇರೆ ಡಾಕ್ಟರುಗಳಂತೆ ಚೀಟಿ ಬರೆದು ಮುಂದಿನವರನ್ನು ಕರೆಯುವ ಅಭ್ಯಾಸ ಅವರಿಗಿರಲಿಲ್ಲ. ಕತೆಯೆಲ್ಲ ಕೇಳಿ ಅವರು ಮೇಜಿನ ಮೇಲಿದ್ದ ಎರಡು ಮಾವಿನಕಾಯಿಗಳನ್ನು ಪಕ್ಕಪಕ್ಕ ಇಟ್ಟರು. ಒಂದೊಂದರ ತಲೆಯ ಮೇಲೆ ಒಂದೊಂದು ಕಡಲೆಕಾಯಿಯನ್ನು ಕೂಡಿಸಿದರು.

"ಇವು ನಿನ್ನ ಮೂತ್ರಪಿಂಡ. ಇದು ಅವುಗಳ ಟೊಪ್ಪಿಗಿ ಇದ್ದಂಗ, ಒಂದೊಂದು ಗ್ರಂಥಿ. ಇದರಿಂದ ಒಂದು ರಸ ಬರ್ತೈತಿ. ಕಾರ್ಟಿಸಾಲ್ ಅಂತಾರ."

"ಕೆಟ್ಟ ರಸ ಏನ್ರಿ ಅದು?" ಎಂದು ಜಂಬಮ್ಮ ಕೇಳಿದಳು.

"ಅಯ್ಯೋ, ಅದು ಇಲ್ಲದಿದ್ರ ಬದುಕಾಕ ಆಗಲ್ಲವ್ವ! ಬೆಳಗಾಮುಂಜಾನಿ ನಮ್ಮನ್ನ ಎಬ್ಬಿಸೋದು ಅದು. ಪಕ್ಕೀರಪ್ಪ, ನೀನು ಕೂಡ್ಲಿಗಿ ಕಡೆಯಾವ. ಗುಡ್ಡದಾಗ ಕರಡಿ ಕಂಡಿಯೇನು?"

"ಒಂದು ಸಲ ಕಂಡೀನ್ರಿ."

"ಏನು ಮಾಡಿದಿ?"

"ಓಡಿದೆ ನೋಡ್ರಿ! ಯಾವ ಕಾಲಾಗ ಓಡಿದೆ ಅಂತ ಈಗ್ಲೂ ಗೊತ್ತಿಲ್ರಿ."

"ಆ ಓಟಕ್ಕ ಬಲ ಕೊಡೋ ರಸಗಳಾಗ ಇದೂ ಒಂದು. ರಕ್ತದಾಗ ಸಕ್ಕರಿ ಏರಸ್ತೈತಿ, ಒತ್ತಡ ಏರಸ್ತೈತಿ. ಊಟ ಅರಗೋದು ಆಮ್ಯಾಲ ನೋಡೋಣ, ನಿದ್ದಿ ಆಮ್ಯಾಲ ನೋಡೋಣ, ಮೊದಲು ಓಡು ಅಂತೈತಿ. ಕರಡಿ ಹೋದಮ್ಯಾಲ ಇಳಿದು ಹೋಗ್ತೈತಿ. ಆದ್ರ ನಿನ್ನ ಕರಡಿ ಹೋಗವಲ್ದು! ಗಾಡಿ ಬರೋದು ದಿನಕ್ಕ ಎರಡು ಸಲ. ನಿನ್ನ ಮೈಯಾಗ ಅದು ಇಪ್ಪತ್ನಾಕು ತಾಸೂ ಬರಾಕತ್ತೈತಿ. ಅದಕ್ಕ ನಿದ್ದಿ ಇಲ್ಲ, ಹೊಟ್ಟಿ ಬಂದೈತಿ, ಬೆಲ್ಲದ ಆಸಿ, ಮರವು, ಬಿ.ಪಿ. ಈ ರಸ ಅಳೆಯೋ ಸೌಲಭ್ಯ ನನ್ನ ಹತ್ರ ಇಲ್ಲ, ಅದಕ್ಕ ಇದೇ ಅಂತ ಆಣಿ ಮಾಡಿ ಹೇಳಾಕ ಬರಲ್ಲ. ಆದ್ರ ನಿನ್ನ ಮಾರಿ ನೋಡಿದ್ರ ನನಗ ಹಂಗ ಅನಸ್ತೈತಿ."

ಹೊಸಪೇಟೆಯವರು ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗಬೇಕೆಂದು ಅವರು ಮೊದಲು ಹೇಳಿದರು. ಆದರೆ ಮೈಯಿಂದ ಗಾಡಿಯನ್ನು ಇಳಿಸುವ ಕೆಲಸ ಮಾತ್ರೆಯದಲ್ಲ, ಪಕ್ಕೀರಪ್ಪನದೇ. ಚಹ ಹದಿನಾಲ್ಕರಿಂದ ಎರಡಕ್ಕೆ ಇಳಿಯಬೇಕು, ಅದೂ ಮಧ್ಯಾಹ್ನದ ಒಳಗೆ. ಉಪ್ಪು ಕಡಿಮೆಯಾಗಬೇಕು. ದಿನಾ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳಬೇಕು. ನಡುವೆ ಎಚ್ಚರವಾದರೂ ಎದ್ದು ಹಳಿ ನೋಡಲು ಹೋಗಬಾರದು. ಎದ್ದ ಮೇಲೆ ಎಳೆಬಿಸಿಲಿನಲ್ಲಿ ಹಳಿಯ ಗುಂಟ ನಡೆಯಬೇಕು: ಹಳಿಯ ಕೆಳಗಿನ ಅಡ್ಡತೊಲೆ, ಅಂದರೆ ಸ್ಲೀಪರ್, ನಾಲ್ಕು ದಾಟುವವರೆಗೆ ಉಸಿರು ಒಳಗೆ, ಎಂಟು ಸ್ಲೀಪರ್ ದಾಟುವವರೆಗೆ ಉಸಿರು ಹೊರಗೆ. ಉದ್ದ ಉಸಿರು ಬಿಟ್ಟರೆ ಮೈಗೆ ಕರಡಿ ಇಲ್ಲವೆಂದು ತಿಳಿಯುತ್ತದೆ.

"ಮತ್ತ ಆ ಸಂತ್ಯಾಗ ಕೂಡು. ಮಂದಿ ಜೊತಿ ನಗು. ಅಷ್ಟು ಮಂದಿ ನಿನ್ನಿಂದ ಆರಾಮಾಗ್ಯಾರ, ನೀನೊಬ್ಬನೇ ನಿಂತೀಯಲ್ಲೋ! ಮತ್ತ ಗೇಟು, ವಾರಕ್ಕ ಹತ್ತು ನಿಮಿಷ ತಡ ಮಾಡ್ತಾ ಬಾ. ನಿಮ್ಮ ಕಾಯಿದಿ ಎಷ್ಟು ಹೇಳ್ತೈತಿ?"

"ಹತ್ತು ನಿಮಿಷ ಮೊದಲು ಅಂತೈತ್ರಿ."

"ಹಂಗಾರ ಹತ್ತಕ್ಕ ತಂದು ನಿಲ್ಲಸು."

ಮೊದಲ ವಾರ ಪಕ್ಕೀರಪ್ಪ ಹತ್ತು ನಿಮಿಷ ತಡಮಾಡಿದ. ಜಂಬಮ್ಮ ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡು ನಿಂತಿದ್ದಳು. ಅವನು ಹ್ಯಾಂಡಲ್ಲಿನತ್ತ ಹೋದಾಗಲೆಲ್ಲ ಎಳೆಯುತ್ತಿದ್ದಳು. "ಇನ್ನೂ ನಾಕು ನಿಮಿಷ ಐತಿ. ಉಸಿರು ಬಿಡ್ರಿ." "ಬಿಡಾಕತ್ತೀನಿ!" "ಅದು ಉಸಿರಲ್ಲ, ಬುಸುಗುಡೋದು. ಮೆಲ್ಲಕ ಬಿಡ್ರಿ."

ಚಹ ಕಡಿಮೆ ಮಾಡಿದ ಮೊದಲ ಮೂರು ದಿನ ತಲೆ ಸಿಡಿಯಿತು. ನಾಲ್ಕನೆಯ ದಿನ ನಿಂತಿತು. ಬೆಳಿಗ್ಗೆ ಸ್ಲೀಪರ್ ಎಣಿಸುತ್ತ ನಡೆಯುವವನನ್ನು ಕಂಡು ಗ್ಯಾಂಗಿನವರು ಲೆಕ್ಕ ತಪ್ಪಿಸಲು "ಇಪ್ಪತ್ತೇಳು! ತೊಂಬತ್ತು! ಮೂರು!" ಎಂದು ಕೂಗುತ್ತಿದ್ದರು. ಅವನು ನಗುತ್ತಿದ್ದ, ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಐದನೆಯ ವಾರದಲ್ಲಿ ಒಂದು ದಿನ ಬೆಳಗಿನ ಐದೂವರೆಯವರೆಗೆ ಮಲಗಿದ. ಜಂಬಮ್ಮ ಹೆದರಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಉಸಿರು ಸ್ಲೀಪರ್ ಎಣಿಸಿದಷ್ಟು ಉದ್ದಕ್ಕೆ ಹೋಗಿ ಬರುತ್ತಿತ್ತು. ಸೋಮವಾರಕ್ಕೊಮ್ಮೆ, ಗಾಡಿ ಇಲ್ಲದ ನಡುಹಗಲಿನಲ್ಲಿ, ಇಬ್ಬರೂ ಕೊಟ್ಟೂರಿಗೆ ಹೋಗಿ ಒತ್ತಡ ನೋಡಿಸಿಕೊಂಡು ಬರುತ್ತಿದ್ದರು. ಅಂಕಿಗಳನ್ನು ಜಂಬಮ್ಮ ಬಾಯಿಪಾಠ ಮಾಡುತ್ತಿದ್ದಳು. ನೂರಾ ಎಪ್ಪತ್ತು, ನೂರಾ ಅರವತ್ತನಾಲ್ಕು, ನೂರಾ ಐವತ್ತೆಂಟು. ಅಡುಗೆ ಮಾಡುವಾಗ ಅದನ್ನೇ ಹಾಡಿನಂತೆ ಗುನುಗುತ್ತಿದ್ದಳು.

ಎಂಟನೆಯ ವಾರಕ್ಕೆ ಗೇಟು ಹತ್ತೇ ನಿಮಿಷ ಮುಂಚೆ ಬೀಳತೊಡಗಿತು. ಆಗ ಯಾರೂ ಎಣಿಸದಿದ್ದ ತೊಂದರೆ ಎದ್ದಿತು.

ಬಂಡಿಗಳು ನಿಲ್ಲುತ್ತಿರಲಿಲ್ಲ. ಕುರಿಗಳು ನಿಲ್ಲುತ್ತಿರಲಿಲ್ಲ. ಬಸ್ಸಿನ ಡ್ರೈವರು ಎಷ್ಟು ತಡಮಾಡಿ ಬಂದರೂ ದಾರಿ ಖುಲ್ಲಾ ಇರುತ್ತಿತ್ತು. ಪ್ರಯಾಣಿಕರು ಬೈಯುತ್ತಾರೆಂದು ಅವನು ಅರ್ಧ ಗಡ್ಡದಲ್ಲೇ ಹೊರಡಬೇಕಾಯಿತು. ಎರ್ರಮ್ಮನ ಮಿರ್ಚಿಗಳು ತಟ್ಟೆಯಲ್ಲಿ ತಣ್ಣಗಾದವು. ಗಡಿಗೆಯವನು ಬರುವುದನ್ನು ಬಿಟ್ಟ. ಒಂದು ಬೆಳಿಗ್ಗೆ ಎರ್ರಮ್ಮನೂ ಓಬಣ್ಣನೂ ಸೌತೆಕಾಯಿಯವಳನ್ನೂ ಕಂಬಳಿಯವನನ್ನೂ ಹಿಂದಿಟ್ಟುಕೊಂಡು ಪಕ್ಕೀರಪ್ಪನ ಮನೆಯ ಮುಂದೆ ಬಂದು ನಿಂತರು.

"ತಮ್ಮಾ ಪಕ್ಕೀರ," ಎಂದು ಎರ್ರಮ್ಮ ಶುರುಮಾಡಿದಳು, "ನಿನಗ ಆರಾಮಾದದ್ದು ನಮಗ ಭಾಳ ಸಂತೋಷ. ಆದ್ರ ಇಷ್ಟೊಂದು ಆರಾಮ ಆಗಬಾರದಿತ್ತಪ್ಪ."

"ಏನು ಮಾಡಲಿ ಯಕ್ಕಾ?"

"ಸ್ವಲ್ಪ ಹೆದರ್ಕೋ. ಮೊದಲಿನಂಗ ಬ್ಯಾಡ. ಮುಕ್ಕಾಲು ತಾಸು ಹೆದರ್ಕೋ, ಸಾಕು."

"ಅರ್ಧ ತಾಸಾದ್ರೂ ಹೆದರ್ಕೊಳ್ಳಲೇ," ಎಂದ ಓಬಣ್ಣ. "ಅರ್ಧ ತಾಸಿನಾಗ ನಾನು ಎರಡು ಗಡ್ಡ ಮುಗಸ್ತೀನಿ."

"ಹಂಗೆಲ್ಲ ಬೇಕಾದಾಗ ಹೆದರಾಕ ಬರಲ್ಲೋ! ಡಾಕ್ಟ್ರು ಹೇಳ್ಯಾರ, ಆ ಕಾರ್ಟಿಸಾಲ್ ಏರ್ತೈತಿ."

"ಯಾವೂರಾವಲೇ ಅವ, ಕಾರ್ಟಿಸಾಲ್? ನಮ್ಮ ಹೊಟ್ಟಿ ಮ್ಯಾಲ ಹೊಡಿಯಾಕ ಬಂದಾನ?" ಎಂದು ಓಬಣ್ಣ ರೇಗಿದ.

ಪಕ್ಕೀರಪ್ಪ ಒಪ್ಪಲಿಲ್ಲ. ಒಪ್ಪದವನನ್ನು ಹೆದರಿಸುವುದೇ ಸರಿ ಎಂದು ಓಬಣ್ಣ ನಿಶ್ಚಯಿಸಿದ. ಮರುದಿನ ಏಳಕ್ಕೆ ಅವನು ಏದುಸಿರು ಬಿಡುತ್ತ ಓಡಿ ಬಂದು, "ಲೇ, ಇವತ್ತು ಗಾಡಿ ಮುಂಚೆ ಬಿಟ್ಟಾರಂತ!" ಎಂದ. ಪಕ್ಕೀರಪ್ಪ ಧಡ್ಡನೆ ಗೇಟು ಇಳಿಸಿದ. ಸಂತೆ ಒಂದೂಕಾಲು ತಾಸು ಜೋರಾಗಿ ನಡೆಯಿತು. ಅದರ ಮರುದಿನ ಕಂಬಳಿಯವನು "ಇನ್ಸ್‌ಪೆಕ್ಟರ್ ಸಾಹೇಬ್ರು ಟ್ರಾಲಿಯಾಗ ಬರಾಕತ್ತಾರ" ಎಂದ. ಮೂರನೆಯ ದಿನ ಸೌತೆಕಾಯಿಯವಳು ತಾನೇ ಹಳಿಗೆ ಕಿವಿಯಿಟ್ಟು ಕೇಳಿ, "ಯಪ್ಪಾ, ಗುಡುಗಿದಂಗ ಕೇಳಸ್ತೈತಿ!" ಎಂದು ಕೂಗಿದಳು. ಆ ಸೋಮವಾರ ಮರುಳಪ್ಪನವರು ಪಟ್ಟಿ ಬಿಚ್ಚಿ, "ನೂರಾ ಎಪ್ಪತ್ತೆರಡು. ಏನಾತೋ?" ಎಂದು ಕೇಳಿದರು.

ಜಂಬಮ್ಮ ಗೇಟಿಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇವಿನ ಮರದ ಕೆಳಗೆ ನಿಂತಳು.

"ಹೆದರಸ್ರಿ. ಇನ್ನೂ ಹೆದರಸ್ರಿ! ಮುಂದಿನ ತಿಂಗಳು ಇವ್ರನ್ನ ಉಗ್ರಾಣಕ್ಕ ಹಾಕ್ತಾರ. ಇಲ್ಲಿಗೆ ಹೊಸಬ ಬರ್ತಾನ. ಅವ ಗಟ್ಟಿಮನಷ್ಯ ಇದ್ರ? ಗಾಡಿ ಬಂದ ಮ್ಯಾಲ ಗೇಟು ಇಳಸಾವ ಇದ್ರ? ಮರದ ಕೆಳಗ ಅಂಗಡಿ ಹಾಕಬ್ಯಾಡ್ರಿ ಅಂದ್ರ? ಆಗ ಯಾರ ಮನಿ ಮುಂದ ನಿಲ್ತೀರಿ?"

ಈ ಮಾತು ಯಾರ ತಲೆಗೂ ಹೊಳೆದಿರಲಿಲ್ಲ. ಎರ್ರಮ್ಮ ಬಾಣಲೆಯನ್ನು ಕೆಳಗಿಟ್ಟು, "ಓಬ್ಯಾ, ನೀನ ಶುರು ಮಾಡಿದ್ದು. ನೀನ ಸರಿ ಮಾಡು" ಎಂದಳು.

ಅಂದಿನಿಂದ ಪಕ್ಕೀರಪ್ಪನನ್ನು ಹೆದರಿಸದಿರುವುದೇ ಆ ಜಾಗದ ದೊಡ್ಡ ಉದ್ಯೋಗವಾಯಿತು. ಓಬಣ್ಣ ದಿನಾ ಅವನನ್ನು ಕುಂಟು ಕುರ್ಚಿಯಲ್ಲಿ ಕೂಡಿಸಿ ತಲೆಗೆ ಎಣ್ಣೆ ಹಾಕಿ ತಿಕ್ಕಿದ. ಎರ್ರಮ್ಮ ಅವನಿಗೆಂದೇ ಉಪ್ಪಿಲ್ಲದ ಮಂಡಕ್ಕಿ ಕಲಸಿದಳು. ಅದು ಯಾವ ರುಚಿಯೂ ಇಲ್ಲದೆ ಎಷ್ಟು ಕೆಟ್ಟದಾಗಿರುತ್ತಿತ್ತೆಂದರೆ ಅವನು ತಿನ್ನುವಾಗ ಮಾಡುವ ಮುಖ ನೋಡಲು ಜನ ಸೇರುತ್ತಿದ್ದರು. ಯಾರಾದರೂ ಜೋರಾಗಿ ಸೀನಿದರೆ ಉಳಿದವರು "ಶ್! ಪಕ್ಕೀರಪ್ಪ ಅದಾನ" ಎನ್ನುತ್ತಿದ್ದರು. ಬಸ್ಸಿನ ಡ್ರೈವರು ಹಾರ್ನ್ ಬಾರಿಸುವುದನ್ನೇ ಬಿಟ್ಟು, ತಲೆ ಹೊರಗೆ ಹಾಕಿ ಮೆಲ್ಲಗೆ "ಬಂದೀನ್ರಪ್ಪೋ" ಎನ್ನುತ್ತಿದ್ದ. ಇದನ್ನೆಲ್ಲ ನೋಡಲೆಂದೇ ಗೇಟು ತೆರೆದಿದ್ದರೂ ಬಂಡಿಗಳು ನಿಲ್ಲತೊಡಗಿದವು, ನಿಂತವರು ಕೂತರು, ಕೂತವರು ಮಿರ್ಚಿ ತಿಂದರು. ಗಡಿಗೆಯವನು ಮತ್ತೆ ಬಂದ. ಪಕ್ಕೀರಪ್ಪ ಮೊದಲ ಸಲ ಆ ಮರದ ಕೆಳಗೆ ಚಕ್ಕಂಬಕ್ಕಲ ಹಾಕಿ ಕೂತ. ಒಂಬತ್ತು ವರ್ಷದಿಂದ ಆ ಗೇಟಿನಲ್ಲಿದ್ದರೂ ಎರ್ರಮ್ಮ ಇಷ್ಟು ಚೆನ್ನಾಗಿ ಮಂದಿಯನ್ನು ಅಣಕಿಸುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಟ್ರಾಲಿ ಇನ್ಸ್‌ಪೆಕ್ಟರು ಮಿರ್ಚಿ ತಿಂದ ಹಾಗೆ ಮಾಡಿ ತೋರಿಸಿದಾಗ ಅವನು ನಕ್ಕು ನಕ್ಕು ಪಕ್ಕಕ್ಕೆ ಉರುಳಿದ.

ತಪಾಸಣೆಯ ದಿನ ಬಂತು. ಪಕ್ಕೀರಪ್ಪನ ಬದಲಿಗೆ ಉಜ್ಜಿನಪ್ಪನೆಂಬ ಗ್ಯಾಂಗ್‌ಮನ್ ಗೇಟಿಗೆ ಬಂದಿದ್ದ. "ಹತ್ತು ನಿಮಿಷ ಮುಂಚೆ ಇಳಸು, ಸಾಕು. ಗಾಬರಿ ಆಗಬ್ಯಾಡ" ಎಂದು ಪಕ್ಕೀರಪ್ಪ ಹಿಂದಿನ ಸಂಜೆಯೇ ಅವನಿಗೆ ಹೇಳಿದ್ದ. ಈ ಸಲ ಬಸ್ಸಿಗೆ ಹೋಗುವುದು ಬೇಡ, ಗಾಡಿಯಲ್ಲೇ ಹೋಗಬೇಕೆಂದು ಮರುಳಪ್ಪನವರು ಹಟ ಹಿಡಿದಿದ್ದರು. ನಸುಕಿನಲ್ಲೇ ಕೊಟ್ಟೂರಿಗೆ ನಡೆದು ಹೋಗಿ, ಪಕ್ಕೀರಪ್ಪ ಕಿಟಕಿಯ ಪಕ್ಕ ಕೂತ. ಎಂಟಕ್ಕೆ ಗಾಡಿ ಹೊರಟಿತು.

ಅವನು ಉಸಿರು ಎಣಿಸುತ್ತ ಕೂತಿದ್ದ. ಗಾಡಿ ಹೊರಟು ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಏನೋ ತಪ್ಪಿದಂತೆ ಅನಿಸಿತು. ಗೇಟಿನಲ್ಲಿ ಗಾಬರಿಯಿಂದ ನಿಂತಿರುತ್ತಿದ್ದವನಿಗೆ ಈ ಗಾಡಿಯ ವೇಗ ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ. ಹೊರಗೆ ಗಾಡಿಯ ಜೊತೆಜೊತೆಗೇ ಒಂದು ಎಮ್ಮೆ ನಡೆಯುತ್ತಿತ್ತು. ಎದುರಿಗೆ ಕೂತ ಮುದುಕ ಇಳಿದು, ಹೊಲದ ಬದುವಿನಲ್ಲಿ ಉಚ್ಚೆ ಹೊಯ್ದು, ಓಡಿ ಬಂದು ಮತ್ತೆ ಹತ್ತಿದ.

"ಯಜ್ಜಾ, ಗಾಡಿ ಯಾಕ ಇಷ್ಟು ಮೆಲ್ಲಕ ಹೊಂಟೈತಿ? ಕೆಟ್ಟೈತೇನು?"

"ದಿನಾ ಹಿಂಗ ಹೋಗ್ತೈತಪ್ಪ," ಎಂದ ಮುದುಕ. "ಇವತ್ತ ಸ್ವಲ್ಪ ಜೋರು."

ಗೇಟು ಹತ್ತಿರ ಬಂತು. ಪಕ್ಕೀರಪ್ಪ ಕಿಟಕಿಗೆ ಮುಖ ಒತ್ತಿದ. ಗೇಟು ಬಿದ್ದಿತ್ತು, ಯಾವಾಗಲೋ ಬಿದ್ದಿತ್ತು! ಎರಡೂ ಬದಿಗೆ ಬಂಡಿಗಳ ಸಾಲು, ಕುರಿಗಳ ಹಿಂಡು, ಬಸ್ಸು, ಬಸ್ಸಿನ ಡ್ರೈವರ ಮುಖದ ತುಂಬ ಸೋಪಿನ ನೊರೆ. ಹೊಸಬನಾದ ಉಜ್ಜಿನಪ್ಪ ಹೆದರಿ ಆರಕ್ಕೇ ಇಳಿಸಿಬಿಟ್ಟಿದ್ದ. ಸಂತೆ ಹಿಂದೆಂದೂ ಇಲ್ಲದಷ್ಟು ತುಂಬಿ ತುಳುಕುತ್ತಿತ್ತು. ಅದರ ನಡುವೆ ಒಬ್ಬ ಮನುಷ್ಯ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಭುಜಗಳನ್ನು ಕಿವಿಗೆ ಏರಿಸಿ, ಕಣ್ಣು ಹೊರಬರುವಂತೆ ಬಿಟ್ಟುಕೊಂಡು ನಿಂತಿದ್ದ. ಅವನ ಮುಂದೆ ಹೂಸು ಬಿಡುವಂತೆ ಹೊಗೆ ಬಿಡುತ್ತ, ಎಮ್ಮೆಯ ಜೊತೆ ಸಮಸಮ ನಡೆಯುತ್ತಿರುವ ಈ ಬಡಪಾಯಿ ಗಾಡಿ.

"ಅಯ್ಯಯ್ಯೋ," ಎಂದ ಪಕ್ಕೀರಪ್ಪ, "ಹಿಂಗ ನಿಲ್ತಿದ್ನೇನು ನಾನು? ಇದಕ್ಕಾ? ಇದಕ್ಕಾ!"

ನಗು ಹೊಟ್ಟೆಯ ಆಳದಿಂದ ಎದ್ದು ಬಂತು. ಅಷ್ಟರಲ್ಲಿ ಓಬಣ್ಣ ಕೈಯಲ್ಲಿ ಕತ್ತಿ ಹಿಡಿದೇ ಗಾಡಿಯ ಪಕ್ಕ ಸಾವಕಾಶ ಓಡುತ್ತ ಬಂದು, ಕಿಟಕಿಯೊಳಗೆ ಒಂದು ಬಿಸಿ ಪೊಟ್ಟಣ ತುರುಕಿದ. "ಎರ್ರಕ್ಕ ಕೊಟ್ಟಾಳ. ನಿನಗಲ್ಲ, ಡಾಕ್ಟ್ರಿಗೆ! ನೀನು ಮುಟ್ಟೀಯ ಮತ್ತ!" ಎಂದ. ಇಷ್ಟು ಹೇಳಿ, ಬಾಕಿ ಮಾತು ನೆನಪಾಗಿ, ಮತ್ತೆ ಗಾಡಿಯನ್ನು ಹಿಡಿದು, "ಉಸಿರು ಬಿಡಲೇ!" ಎಂದು ಹೇಳಿ ಹೋದ. ಬೋಗಿಯಲ್ಲಿದ್ದವರೆಲ್ಲ ಇವನ ನಗು ನೋಡಿ, ಕಾರಣ ಗೊತ್ತಿಲ್ಲದೆ, ತಾವೂ ನಗತೊಡಗಿದರು. ಹಗರಿಬೊಮ್ಮನಹಳ್ಳಿಯಲ್ಲಿ ಹತ್ತಿದವರೂ ಸೇರಿಕೊಂಡರು.

ಹೊಸಪೇಟೆಯ ಡಾಕ್ಟರು ಪಟ್ಟಿ ಸುತ್ತಲು ಹೋದರೆ ಪಕ್ಕೀರಪ್ಪನ ತೋಳು ನಗುವಿಗೆ ಕುಲುಕುತ್ತಿತ್ತು. "ನಗಬಾರದಪ್ಪ, ಲೆಕ್ಕ ತಪ್ತದೆ. ಹೊರಗೆ ಹತ್ತು ನಿಮಿಷ ಸುಮ್ಮನೆ ಕೂತು ಬಾ" ಎಂದರು. ಅವನು ಬೆಂಚಿನ ಮೇಲೆ ಕೂತು ಉದ್ದುದ್ದ ಉಸಿರು ಬಿಟ್ಟ. ಎಮ್ಮೆ ನೆನಪಾದಾಗ ತುಟಿ ಕಚ್ಚಿದ. ಒಳಗೆ ಕರೆದರು, ನೋಡಿದರು. ಇನ್ನೊಂದು ತೋಳಿಗೂ ಸುತ್ತಿ ನೋಡಿದರು. "ನೂರಾ ಮೂವತ್ತನಾಲ್ಕು, ಎಂಬತ್ತಾರು. ಮೂರು ತಿಂಗಳು ಏನು ಮಾಡಿದ್ಯೋ?"

"ಗೇಟು ತಡವಾಗಿ ಹಾಕಿದೆ ಸಾರ್," ಎಂದ ಪಕ್ಕೀರಪ್ಪ.

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಆದರೂ ಕಾಗದದ ಮೇಲೆ ಸಹಿ ಮಾಡಿ, ಮಿರ್ಚಿ ಪೊಟ್ಟಣ ತೆಗೆದುಕೊಂಡರು.

ಸಂಜೆಯ ಗಾಡಿ ಗೇಟಿನ ಹತ್ತಿರ ಬಂದಾಗ ಅಲ್ಲಿ ನಾಲ್ಕು ಹಳ್ಳಿಯ ಜನ ಇದ್ದರು. ಗಾಡಿ ಅಲ್ಲಿ ನಿಲ್ಲುವಂತಿಲ್ಲ, ಅವನು ಕೊಟ್ಟೂರಲ್ಲೇ ಇಳಿಯಬೇಕು. ಪಕ್ಕೀರಪ್ಪ ಬಾಗಿಲಲ್ಲಿ ಕಂಬಿ ಹಿಡಿದು ನಿಂತು, ಇದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದ:

"ನೂರಾ ಮೂವತ್ನಾಕು! ಎಂಬತ್ತಾರು!"

"ಅದೇನು ಲಾಟ್ರಿ ನಂಬರಾ?" ಎಂದು ಕಂಬಳಿಯವನು ಕೇಳಿದ. "ಪಾಸೋ ಫೇಲೋ ಹೇಳಲೇ!" ಎಂದು ಓಬಣ್ಣ ಗಾಡಿಯ ಬೆನ್ನು ಹತ್ತಿದ. ಅವನ ಹಿಂದೆ ಎರ್ರಮ್ಮ, ಅವಳ ಹಿಂದೆ ಅರ್ಧ ಗಡ್ಡದ ಬಸ್ ಡ್ರೈವರು, ಅವನ ಹಿಂದೆ ಕುರಿಯವರು, ಕುರಿಯವರು ಓಡಿದರೆಂದು ಕುರಿಗಳು. "ಪಾಸೋ? ಫೇಲೋ?" ಪಕ್ಕೀರಪ್ಪ ನಗುವಿನಲ್ಲಿ ಮಾತು ಹೊರಡದೆ ಬರೀ ತಲೆ ಅಲ್ಲಾಡಿಸುತ್ತಿದ್ದ. ಅಂಕಿಯ ಅರ್ಥ ಗೊತ್ತಿದ್ದವಳು ಜಂಬಮ್ಮ ಒಬ್ಬಳೇ. ಅವಳು ಮರದ ಕೆಳಗೆ ಕಾಲು ಚಾಚಿ ಕೂತು, ಹೇಳಬೇಕೆಂದು ಬಾಯಿ ತೆರೆದು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ಗಾಡಿ ಹೋಗಿ ಬಹಳ ಹೊತ್ತಾದರೂ ಗೇಟು ಬಿದ್ದೇ ಇತ್ತು. ಎತ್ತಬೇಕಾದ ಉಜ್ಜಿನಪ್ಪನೂ ಗಾಡಿಯ ಹಿಂದೆ ಓಡಿದವರಲ್ಲಿ ಒಬ್ಬನಾಗಿದ್ದ. ಎತ್ತಿರೆಂದು ಕೇಳುವವರೂ ಅಲ್ಲಿ ಯಾರೂ ಉಳಿದಿರಲಿಲ್ಲ.